ಕೋನಪ್ಪನವರ ಪೆಟ್ಟಿಗೆಗೆ ಗಿಟಾರು ಕೂಡಿದ್ದು

ತೊಂಬತ್ನಾಲ್ಕನೇ ಇಸವಿ, ಶ್ರಾವಣದ ಕೊನೆಯ ಶನಿವಾರ. ಭಜನೆ ಆರಕ್ಕೆ. ಅಷ್ಟರೊಳಗೆ ನನ್ನ ಮಗಳ ಗಿಟಾರು ಹಾರ್ಮೋನಿಯಂ ಶ್ರುತಿಗೆ ಕೂಡಿದರೆ ಅವಳು ಮುಂದಿನ ಸಾಲಿನಲ್ಲಿ ಕೂರಬಹುದು. ಕೂಡದಿದ್ದರೆ ಅದನ್ನು ಚೀಲಕ್ಕೆ ಹಾಕಿ, ಎಂದಿನಂತೆ ಹಿಂದೆ ಕೂತು ತಾಳ ತಟ್ಟಬೇಕು. ಶಿಡ್ಲಘಟ್ಟದ ನಮ್ಮ ಬೀದಿಯ ಭಜನೆಮನೆಗೆ ಹಿರಿಯರಾದ ಕೋನಪ್ಪನವರು ಹಾಗೆಂದು ಹೇಳಿಯಾಗಿತ್ತು. ಅವರು ಹೇಳಿದ್ದನ್ನು ತಿರುಗಿಸಿದವರಿಲ್ಲ.

ಮಗಳಿಗೆ ಅಜ್ಜಿಯ ಹೆಸರು, ಕದಿರಮ್ಮ. ಕಾಲೇಜಿನಲ್ಲಿ ಕದಿರಿ, ಈಗ ಮನೆಯಲ್ಲೂ ಅದೇ. ರಿಪೇರಿಗೆ ರೇಡಿಯೋ ಕೊಡಲು ಬಷೀರ್ ಅಹಮದರ ಅಂಗಡಿಗೆ ಹೋದವಳು ಅಲ್ಲಿ ನೇತುಹಾಕಿದ್ದ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ನೋಡಿ ನಿಂತುಬಿಟ್ಟಳಂತೆ. ಬಷೀರ್ ಸಾಬರು ಮದುವೆಗಳಿಗೆ ಆರ್ಕೆಸ್ಟ್ರಾ ನಡೆಸುವವರು. ಮೂರು ತಿಂಗಳು ಕಲಿಸಿದರು. ಬೆರಳ ತುದಿ ಸುಲಿದು ಗಟ್ಟಿಯಾಗುವವರೆಗೆ ಇವಳೂ ಕಲಿತಳು.

ನಾನು ಕಾರ್ಖಾನೆಯಲ್ಲಿ ರೇಷ್ಮೆ ನೂಲು ತಿರುಚುವ ಹುರಿ ಮಿಷನ್ನಿನ ಪಾಳಿ ಮುಗಿಸಿ, ಮುಖಕ್ಕೆ ನೀರು ಹಾಕಿಕೊಂಡು ಭಜನೆಮನೆಗೆ ಹೋದಾಗ ನಾಲ್ಕೂವರೆ. ಒಳಗೆ ಜಗಳ ನಡೆದಿತ್ತು.

"ನಮ್ಮ ಪೆಟ್ಟಿಗೆ ಮೂವತ್ತು ವರ್ಷದಿಂದ ಒಂದೇ ಮಾತಾಡ್ತೈತೆ," ಅಂದರು ಕೋನಪ್ಪನವರು, ಕುಂಕುಮ ಇಟ್ಟಿದ್ದ ಹಾರ್ಮೋನಿಯಂ ಮೇಲೆ ಕೈಯಿಟ್ಟು. "ನಿನ್ನ ಗಿಟಾರು ಅಳ್ತಾ ಐತೆ ಕಣಮ್ಮಾ."

"ಅಳೋದಾ?" ಬಷೀರ್ ಸಾಬರು ಅಂಗೈಯಗಲದ ಕಪ್ಪು ಡಬ್ಬಿಯನ್ನು ಎತ್ತಿ ತೋರಿಸಿದರು. "ಇದು ಟ್ಯೂನರ್ ಅಣ್ಣಾ. ಬೆಂಗಳೂರಿಂದ ತಂದಿದ್ದು. ಮುಳ್ಳು ನಟ್ಟನಡುವೆ ನಿಂತೈತೆ, ಹಸಿರು ದೀಪ ಹತ್ತೈತೆ. ಮಷೀನ್ ಯಾಕೆ ಸುಳ್ಳು ಹೇಳತ್ತೆ?"

"ಹಂಗಾದ್ರೆ ನಾನು ಹೇಳ್ತಿದೀನಾ?"

"ನಾನೆಲ್ಲಿ ಅಂದೆ?"

"ಏಮಯ್ಯಾ, ನಿನ್ನ ಮುಖ ಅಂತೈತಲ್ಲ!"

ಕದಿರಿ ಗಿಟಾರಿನ ವೈರನ್ನು ಮತ್ತೆ ಟ್ಯೂನರಿಗೆ ಸಿಕ್ಕಿಸಿದಳು. ಉಳಿದ ತಂತಿಗಳ ಮೇಲೆ ಅಂಗೈ ಒತ್ತಿ, ಒಂದೊಂದನ್ನೇ ಮೀಟಿದಳು. ಇ, ಎ, ಡಿ, ಜಿ, ಬಿ, ಮತ್ತೆ ಇ. ಆರು ಸಲವೂ ಮುಳ್ಳು ನಡುವೆಯೇ ನಿಂತಿತು. ವೈರನ್ನು ತೆಗೆದು ಸ್ಪೀಕರ್ ಪೆಟ್ಟಿಗೆಗೆ ಹಾಕಿ, ಹಾರ್ಮೋನಿಯಂ ಜೊತೆ ಮೀಟಿದಳು. ನಿಜ, ಕೇಳಲಾಗುತ್ತಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. "ಬಿಡಿ ಅಂಕಲ್, ತಾಳನೇ ತಟ್ತೀನಿ," ಅಂದಳು.

ಕಂಬಕ್ಕೆ ಒರಗಿ ತೂಕಡಿಸುವಂತಿದ್ದ ನನಗೆ ಆ ಸದ್ದಿಗೆ ಎಚ್ಚರವಾಯಿತು. ಅದು ನನಗೆ ಗೊತ್ತಿದ್ದ ಸದ್ದು. ನಮ್ಮ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಎರಡು ಹುರಿ ಮಿಷನ್ನುಗಳ ವೇಗ ಒಂದು ಚೂರು ಹೆಚ್ಚುಕಮ್ಮಿಯಾದರೆ ಎರಡರ ಸದ್ದೂ ಸೇರಿ ಉಬ್ಬಿ ಇಳಿಯುತ್ತದೆ, ವ್ವಂ... ವ್ವಂ... ವ್ವಂ... ಅಂತ. ಒಂದೊಂದನ್ನೇ ಓಡಿಸಿದರೆ ಯಾವುದರಲ್ಲೂ ತಪ್ಪಿರುವುದಿಲ್ಲ. ಒಂದರ ವೇಗವನ್ನು ಇನ್ನೊಂದಕ್ಕೆ ಹೊಂದಿಸುತ್ತಾ ಹೋದಂತೆ ಆ ಅಲೆ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ.

"ಅಣ್ಣಾ, ಎರಡೂ ಸರಿಯಾಗೇ ಅವೆ," ಅಂದೆ. "ಜೋಡಿ ಸರಿಯಿಲ್ಲ, ಅಷ್ಟೇ. ಪೆಟ್ಟಿಗೆ ಶ್ರುತಿ ಒಂದು ಚೂರು ಮೇಲೈತೆ."

"ಶ್ಯಾಮಲಮ್ಮಾ, ಪೆಟ್ಟಿಗೇನ ಬಿಚ್ಚಕ್ಕೆ ಬಿಡಲ್ಲ," ಅಂದರು ಕೋನಪ್ಪನವರು ನನ್ನ ಕಡೆ ತಿರುಗಿ.

"ಬಿಚ್ಚೋದು ಬೇಡ. ಸಾಬರೇ, ನಿಮ್ಮ ಡಬ್ಬಿಗೆ ಈ ಪೆಟ್ಟಿಗೆ ಶ್ರುತಿ ಹೇಳಿಕೊಡಕ್ಕಾಗಲ್ವಾ?"

ಬಷೀರ್ ಸಾಬರು ಡಬ್ಬಿಯನ್ನು ತಿರುಗಿಸಿ ನೋಡಿದರು. ಅದರ ಬದಿಯಲ್ಲಿ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿತ್ತು. "ಅರೆರೆ! ಇಲ್ಲೊಂದು ಶ್ರುತಿ ಬದಲಾಯ್ಸೋ ಬಟನ್ ಐತಕ್ಕಾ. ನಮ್ಮ ಡ್ರಮ್ಮಿನವನು ಒಂದ್ಸಲ ಒತ್ತಿ, ಪೂರ್ತಿ ಮದುವೆ ಹಾಳು ಮಾಡಿದ್ದ. ಅವತ್ತಿಂದ ಯಾರೂ ಮುಟ್ಟಬಾರದು ಅಂತ ನಾನೇ ಪಟ್ಟಿ ಹಾಕಿದ್ದು. ಆಮೇಲೆ ನಾನೂ ಮುಟ್ಟಿಲ್ಲ ನೋಡಿ!"

ಉಗುರಿನಿಂದ ಪಟ್ಟಿಯನ್ನು ಕಿತ್ತರು. ಟ್ಯೂನರಿನ ಪುಟ್ಟ ಮೈಕನ್ನು ಹಾರ್ಮೋನಿಯಂ ಹತ್ತಿರ ಹಿಡಿದು, "ಬಿಳಿ ಆರನೇ ಮನೆ ಒತ್ತಿ ಅಣ್ಣಾ, ಬಿಡಬೇಡಿ," ಅಂದರು. ಮುಳ್ಳು ಬಲಕ್ಕೆ ವಾಲಿತು. ಡಬ್ಬಿಯಲ್ಲಿ ಶ್ರುತಿಯ ಅಂಕಿ ನಾನ್ನೂರ ನಲವತ್ತು ಅಂತಿತ್ತು. ಬಟನ್ ಒತ್ತಿದರೆ ನಲವತ್ತೊಂದು, ನಲವತ್ತೆರಡು. ಒಂದೊಂದು ಒತ್ತಿಗೂ ಮುಳ್ಳು ಇಷ್ಟಿಷ್ಟೇ ಎಡಕ್ಕೆ ಬಂತು. ನಾನ್ನೂರ ನಲವತ್ತಾರಕ್ಕೆ ಹಸಿರು ದೀಪ ಹತ್ತಿತು.

"ನೋಡಿದ್ರಾ? ನಿಮ್ಮ ಮಷೀನೇ ಒಪ್ಪಿಕೊಳ್ತು," ಅಂದರು ಕೋನಪ್ಪನವರು.

"ಒಪ್ಪಿಕೊಳ್ಳದೆ ಇನ್ನೇನು ಮಾಡತ್ತೆ ಪಾಪ!"

ಗಂಟೆ ಐದು ದಾಟಿತ್ತು. ಕದಿರಿ ಆರು ತಂತಿಗಳನ್ನೂ ಮೊದಲಿಂದ ಬಿಗಿಯತೊಡಗಿದಳು. ಆತುರದಲ್ಲಿ ಎರಡನೇ ತಂತಿ ಹೆಚ್ಚು ಬಿಗಿದು ಮುಳ್ಳು ನಡು ದಾಟಿಬಿಟ್ಟಿತು. ಅವಳು ಅಲ್ಲಿಂದಲೇ ಸ್ವಲ್ಪ ಸಡಿಲಿಸಲು ಹೋದಳು.

"ಊಹೂಂ, ಬೇಟಿ. ಮೇಲಿಂದ ಇಳಿಸಿ ನಿಲ್ಲಿಸಬೇಡ, ಆಮೇಲೆ ಜಾರತ್ತೆ. ಪೂರಾ ಕೆಳಗೆ ತಗೊಂಡು, ಕೆಳಗಿಂದ ಹತ್ತಿಸು," ಅಂದರು ಬಷೀರ್ ಸಾಬರು.

ಅವಳು ಕೆಳಗಿಂದ ಹತ್ತಿಸಿದಳು. ನಿಂತಿತು. ತಂತಿಗಳನ್ನೆಲ್ಲ ಒಮ್ಮೆ ಮೆಲ್ಲಗೆ ಎಳೆದು ಬಿಟ್ಟು, ಸಡಿಲಾದ ಎರಡನ್ನು ಮತ್ತೆ ಸರಿಮಾಡಿದಳು.

"ಈಗ ಒತ್ತಿ, ತಾತ."

ಕೋನಪ್ಪನವರು ತಿದಿ ಒತ್ತಿ ಅದೇ ಮನೆಯನ್ನು ಹಿಡಿದರು. ಕದಿರಿ ಮೀಟಿದಳು. ನಾನು ಅಲೆಗಾಗಿ ಕಾದೆ. ಅಲೆ ಏಳಲಿಲ್ಲ. ಎರಡು ಸದ್ದು ಒಂದಕ್ಕೊಂದು ಅಂಟಿಕೊಂಡು ಒಂದೇ ನೂಲಾಗಿ ಎಳೆದಂತೆ ಹೋದವು. ಹೊರಗೆ ಚಪ್ಪಲಿ ಬಿಡುತ್ತಿದ್ದ ಹೆಂಗಸರು ಅಲ್ಲೇ ನಿಂತರು.

ಕೋನಪ್ಪನವರು ಕಣ್ಣು ಮುಚ್ಚಿಕೊಂಡೇ ಇದ್ದರು. ತಿದಿ ನಿಂತರೂ ತೆರೆಯಲಿಲ್ಲ. ಕದಿರಿ ನನ್ನ ಮುಖ ನೋಡಿದಳು, ನಾನು ಅವರ ಮುಖ ನೋಡಿದೆ.

"ತಾಳ ಯಾರಿಗಾದ್ರೂ ಕೊಡಿ," ಅಂದರು ಕೊನೆಗೆ, ತಮ್ಮ ಚಾಪೆಯನ್ನು ಒಂದು ಮಾರು ಪಕ್ಕಕ್ಕೆ ಎಳೆದುಕೊಳ್ಳುತ್ತಾ. "ಬಾಮ್ಮಾ, ಇಲ್ಲಿ ಕೂತ್ಕೋ. ಆ ಸ್ಪೀಕರು ನನ್ನ ಕಡೆ ತಿರುಗಿಸು, ಜನ ಆಮೇಲೆ ಕೇಳ್ತಾರೆ."

ಅವತ್ತು ಎಂಟಕ್ಕೆ ಮುಗಿಯಬೇಕಾದ ಭಜನೆ ಒಂಬತ್ತೂವರೆಯಾದರೂ ಮುಗಿಯಲಿಲ್ಲ. ಮಂಗಳ ಹಾಡೋಣವೇ ಅಂತ ಯಾರೋ ಕೇಳಿದರೆ ಕೋನಪ್ಪನವರು, "ಇರ್ರಯ್ಯಾ, ಈಗ ತಾನೇ ಶ್ರುತಿ ಕೂಡೈತೆ," ಅಂತ ಗದರಿಸಿ ಇನ್ನೊಂದು ಹಾಡು ಎತ್ತಿಕೊಂಡರು.