ಕುತೂಹಲದ ತಾಲೀಮು

ಆ ದೊಡ್ಡ ಶಾಲೆಯವರು ಈ ವರ್ಷ ಸೀಟು ಕೊಡುವುದಕ್ಕೆ ಹೊಸದೊಂದು ಸೋಗು ಹಾಕಿದ್ದರು. ಇಂಟರ್‌ವ್ಯೂನಲ್ಲಿ ಅವರು ಮಕ್ಕಳನ್ನು ಏನೂ ಕೇಳುವುದಿಲ್ಲವಂತೆ. ಮಕ್ಕಳೇ ಅವರನ್ನು ಪ್ರಶ್ನೆ ಕೇಳಬೇಕಂತೆ. ಕುತೂಹಲ ಇರುವವರಿಗಷ್ಟೇ ಸೀಟು.

ಹಾಗಾದರೆ ನಮ್ಮವಳಿಗೆ ಸಿಕ್ಕಿದ ಹಾಗೇ ಅಂದುಕೊಂಡಳು ಟೈಲರಮ್ಮ. ಆರು ವರ್ಷದ ಮಗಳು ಬೆಳಗಾದರೆ ಹೊಲಿಗೆ ಮಿಷನ್ನಿನ ಪಕ್ಕ ಕೂತು ಅವಳ ತಲೆ ತಿನ್ನುತ್ತಿದ್ದಳು. ಈ ಸೂಜಿಗೆ ತೂತು ತುದಿಯಲ್ಲೇ ಯಾಕೆ? ಕೆಳಗಿನ ದಾರ ಮೇಲಿನ ದಾರವನ್ನು ಹೇಗೆ ಹಿಡಿದುಕೊಳ್ಳುತ್ತೆ? ತಾಯಿ ಗೊತ್ತಿದ್ದಷ್ಟು ಹೇಳುತ್ತಿದ್ದಳು, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಮಿಷನ್ ಬಿಚ್ಚುತ್ತಿದ್ದರು. ಗಿರಾಕಿಗಳ ಬ್ಲೌಸು ತಡವಾಗುತ್ತಿತ್ತು. ಆಗಲಿ ಬಿಡಿ, ಯಾರ ಗಂಟು ಹೋಯಿತು?

ಗಂಡ ಕಾರ್ ಶೋರೂಮಿನಲ್ಲಿ ಹೊಸ ಹುಡುಗರಿಗೆ ಮಾತು ಕಲಿಸುವವನು. ತಾಲೀಮಿಲ್ಲದೆ ಸೀನಿದರೂ ತಪ್ಪೆನ್ನುವ ಆಸಾಮಿ.

"ಸೂಜಿ ತೂತು ಅಂತೆಲ್ಲ ಕೇಳಿದ್ರೆ ನನ್ನ ಮಾನ ಹೋಗುತ್ತೆ ಕಣೇ," ಎಂದವನೇ ನಕ್ಷತ್ರ, ಸಮುದ್ರ, ಡೈನೋಸಾರ್ ಎಂದು ಐದು ಘನವಾದ ಪ್ರಶ್ನೆ ಆರಿಸಿ ಮಗಳಿಗೆ ಉರುಹೊಡೆಸಲು ಕೂತ. ಕೇಳುವಾಗ ತಲೆ ವಾಲಿಸಬೇಕು, ಕಣ್ಣರಳಿಸಬೇಕು. ಶೋರೂಮಿನ ಹುಡುಗರಿಗೂ ಇದೇ ಪಾಠ.

"ನಕ್ಷತ್ರ ಯಾಕೆ ಮಿನುಗುತ್ತೆ?"

"ಇನ್ನೊಂದ್ಸಲ. ಕಣ್ಣು ದೊಡ್ಡದು ಮಾಡು."

"ಅಲ್ಲಪ್ಪ, ನಿಜವಾಗ್ಲೂ ಯಾಕೆ?"

"ತಲೆಹರಟೆ ಮಾಡ್ಬೇಡ. ಮುಂದಿಂದು ಹೇಳು."

"ಮಗು ಕೇಳ್ತಿದೆ, ಉತ್ತರ ಹೇಳ್ಬಾರ್ದೇನ್ರೀ?" ಎಂದಳು ಟೈಲರಮ್ಮ.

"ಅದನ್ನ ಶಾಲೆಯವ್ರು ಹೇಳ್ತಾರೆ. ಫೀಸು ಸುಮ್ನೆ ತಗೋತಾರಾ?"

ವಾರ ಕಳೆಯುವಷ್ಟರಲ್ಲಿ ಮಗಳು "ನಿಜವಾಗ್ಲೂ" ಎನ್ನುವುದನ್ನು ಬಿಟ್ಟಳು. ಮಿಷನ್ನಿನ ಪಕ್ಕದ ಜಾಗ ಖಾಲಿ ಬಿತ್ತು. ಟೈಲರಮ್ಮನಿಗೆ ಕೆಲಸ ಬೇಗ ಮುಗಿಯತೊಡಗಿತು, ಅದು ಅವಳಿಗೆ ಒಂಚೂರೂ ಹಿಡಿಸಲಿಲ್ಲ.

ಇಂಟರ್‌ವ್ಯೂ ದಿನ ಹೆಡ್‌ಮಿಸ್ ಮೊದಲ ಪ್ರಶ್ನೆಗೆ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿ ಎರಡನೆಯದಕ್ಕೆ ಹಾರಿದ್ದಳು. ಅದರ ಉತ್ತರವೂ ಬೇಕಿರಲಿಲ್ಲ. ಐದನ್ನೂ ಒಪ್ಪಿಸಿ, ಭಾರ ಇಳಿಸಿದವರ ಹಾಗೆ ಕೈಕಟ್ಟಿ ನಿಂತಳು.

"ಅಬ್ಬಾ, ಎಂಥ ಜ್ಞಾನದಾಹ!" ಎಂದರು ಹೆಡ್‌ಮಿಸ್. ಪಕ್ಕದ ಇಬ್ಬರು ಟೀಚರುಗಳೂ ಹೌದೌದೆಂದು ತಲೆದೂಗಿದರು. ಸೀಟು ಅಲ್ಲೇ ಖಾತ್ರಿಯಾಯಿತು. ಗಂಡ ಪೂರಿಯ ಹಾಗೆ ಉಬ್ಬಿಹೋದ. ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಓದಿ ಗುಡ್ಡೆ ಹಾಕಿದ ಮೂವರಿಗೆ ಗಿಣಿಪಾಠ ಯಾವುದು, ಕುತೂಹಲ ಯಾವುದು ಎಂದು ಗೊತ್ತಾಗಲಿಲ್ಲವಲ್ಲ!

ಮನೆಗೆ ಬರುವ ದಾರಿಯಲ್ಲಿ ಕ್ರೇನೊಂದು ನೀರಿನ ಟ್ಯಾಂಕನ್ನು ನಾಲ್ಕನೇ ಮಹಡಿಗೆ ಎತ್ತುತ್ತಿತ್ತು. ಬೀದಿಗೆ ಬೀದಿಯೇ ಬಾಯಿಬಿಟ್ಟುಕೊಂಡು ನಿಂತಿತ್ತು. ಟೈಲರಮ್ಮನೂ ನಿಂತಳು, ಮಗಳ ಬಾಯಿಂದ ಏನಾದರೂ ಬರಲೆಂದು ಕಾದಳು. ಕೊನೆಗೆ ತಾನೇ ಕೇಳಿದಳು.

"ನೋಡೇ ಪುಟ್ಟಿ, ಅಷ್ಟು ಭಾರ ಎತ್ತಿದ್ರೂ ಕ್ರೇನು ಮಗುಚಲ್ಲ. ಯಾಕಿರಬಹುದು?"

ಮಗಳು ಅತ್ತ ತಿರುಗಿಯೂ ನೋಡದೆ ಅಮ್ಮನ ಸೆರಗು ಜಗ್ಗಿದಳು.

"ಇಂಟರ್‌ವ್ಯೂ ಮುಗೀತಲ್ಲಮ್ಮ. ಇನ್ನೂ ಕೇಳ್ಬೇಕಾ?"