ಜಿರಳೆ ಕೋಣೆಗೆ ಹೊಗೆ

ಜಿರಳೆ ಸಾಕುತ್ತಾಳೆಂದು ಇಮಾಸಳನ್ನು ಆಡಿಕೊಳ್ಳದ ಬಾಯಿ ಆ ಗಲ್ಲಿಯಲ್ಲಿ ಒಂದೂ ಇರಲಿಲ್ಲ. ಆಡಿಕೊಳ್ಳಲಿ, ಬಾಯಿಗೇನು ಬಾಡಿಗೆ ಕೊಡಬೇಕೆ? ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತ ಸೋಮಾರಿಗಳು ಜಿರಳೆ ಸಾಹುಕಾರ್ತಿ ಬಂದಳೆಂದು ನಕ್ಕರೆ ಅವಳೂ ನಕ್ಕು ಮುಂದೆ ಹೋಗುತ್ತಿದ್ದಳು. ಗುಡ್ಡದ ಕೆಳಗೆ ಬಾಂಡುಂಗ್ ನಗರದಲ್ಲಿ ಹಲ್ಲಿ, ಓತಿಕ್ಯಾತಗಳನ್ನು ಮಕ್ಕಳಂತೆ ಸಾಕುವ ಹುಚ್ಚರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಮುದ್ದಿನ ಪ್ರಾಣಿಗಳಿಗೆ ಈ ಹುಳುವೇ ಊಟ. ಅಡುಗೆಮನೆಯಲ್ಲಿ ಹರಿದಾಡುವ ಕೊಳಕು ಜಾತಿಯಲ್ಲ ಇದು. ನಯವಾದ ಪ್ಲಾಸ್ಟಿಕ್ ಗೋಡೆಯನ್ನು ಹತ್ತಲೂ ಬಾರದ ಸಾಧು ಜೀವ. ಅಷ್ಟನ್ನು ತಿಳಿಯುವ ವ್ಯವಧಾನ ಯಾರಿಗಿತ್ತು?

ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಡಬ್ಬಗಳಿದ್ದವು. ಒಳಗೆ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ಕೊರೆದು ಬಲೆ ಅಂಟಿಸಿದ್ದಳು. ಈ ಹುಳುವಿಗೆ ಕತ್ತಲೆಯೂ ಬೇಕು, ಸೆಕೆಯೂ ಬೇಕು. ಅವಳ ಊರಾದ ಲೆಂಬಾಂಗಿನ ಗುಡ್ಡದ ಮೇಲೆ ಸೆಕೆ ಎಲ್ಲಿಂದ ಬರಬೇಕು? ಚಳಿಗೆ ಅವು ಸಾಯುವುದಿಲ್ಲ, ಆದರೆ ಮರಿ ಹಾಕುವುದನ್ನು ಬಿಟ್ಟು ಮುದುರಿಕೊಂಡು ಕೂರುತ್ತವೆ. ಮೊದಮೊದಲು ಬಲ್ಬು ಹತ್ತಿರ ಇಟ್ಟು ಒಂದು ಡಬ್ಬ ಹುಳುಗಳನ್ನು ಹುರಿದೇಬಿಟ್ಟಿದ್ದಳು. ಆಮೇಲೆ ಮಣ್ಣಿನ ಮಡಕೆಯೊಳಗೆ ಬಲ್ಬು ಉರಿಸಿ, ಮಡಕೆಯನ್ನು ಬೋರಲು ಹಾಕುವ ಉಪಾಯ ಹೊಳೆಯಿತು. ಬೆಳಕು ಮಡಕೆಯೊಳಗೇ ಉಳಿಯುತ್ತಿತ್ತು, ಕಾವು ಮಾತ್ರ ಹೊರಗೆ ಬರುತ್ತಿತ್ತು. ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ ಆಗಾಗ ಹೋಗಿ ಮಡಕೆ ಮುಟ್ಟಿ ನೋಡಿ ಬರುತ್ತಿದ್ದಳು.

ಇಷ್ಟೆಲ್ಲ ಯಾಕೆಂದರೆ ಅನಿಸ್‌ಗಾಗಿ. ಮಗಳು ಅನಿಸ್ ಹಾಲು ಬಿಟ್ಟ ಕೂಡಲೇ ಇಮಾಸ್ ತೈವಾನಿಗೆ ಹೋಗಿದ್ದಳು, ಯಾರದೋ ಮನೆಯ ಮುದುಕಿಯ ಮೈ ಒರೆಸಲಿಕ್ಕೆ. ತಿರುಗಿ ಬಂದಾಗ ಮಗು ಅಜ್ಜಿಯ ಬೆನ್ನ ಹಿಂದೆ ಅವಿತು, "ಆಂಟಿ ಯಾವಾಗ ಹೋಗ್ತಾರೆ?" ಎಂದು ಕೇಳಿತ್ತು. ಆ ಮಾತು ಇಮಾಸಳ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಮುಂದೆ ಎಷ್ಟೋ ತಿಂಗಳು ಕಳೆದ ಮೇಲೆ, ಇದೇ ಕೋಣೆಯಲ್ಲಿ ಹುಳುಗಳಿಗೆ ಕ್ಯಾರೆಟ್ ಹೆಚ್ಚಿ ಹಾಕುವಾಗ, ಅನಿಸ್ ಅವಳನ್ನು ಮೊದಲ ಸಲ ಮಾಮಾ ಎಂದು ಕರೆದಳು. ಅಲ್ಲಿ ಮಾಮಾ ಎಂದರೆ ಅಮ್ಮ. ಜಿರಳೆ ಇರುವ ತನಕ ಮತ್ತೆ ವಿಮಾನ ಹತ್ತಬೇಕಾಗಿಲ್ಲ ಎಂದು ಇಮಾಸ್ ಅಂದೇ ನಿಶ್ಚಯಿಸಿದಳು.

ಗಂಡ ಕೋಸಿಂಗೆ ಈ ನಿಶ್ಚಯ ಹಿಡಿಸಿರಲಿಲ್ಲ. ಅವನು ಮನಸ್ಸು ಬಂದಾಗ ಬೈಕಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವನು. ಆ ಮನಸ್ಸು ಅಪರೂಪಕ್ಕೆ ಬರುತ್ತಿತ್ತು. ಮನೆಯ ಕೆಳಗಿನ ಅಂತಸ್ತು ತೈವಾನಿನ ದುಡ್ಡಿನಲ್ಲಿ ಎದ್ದಿತ್ತು. ಮೇಲಿನದಕ್ಕೆ ಕಬ್ಬಿಣದ ಸರಳುಗಳು ಮಾತ್ರ ಆಕಾಶಕ್ಕೆ ಚಾಚಿ ತುಕ್ಕು ಹಿಡಿಯುತ್ತಿದ್ದವು. ಕಾಫಿ ಅಂಗಡಿಯಲ್ಲಿ ಅವನನ್ನು ಜಿರಳೆ ಯಜಮಾನ್ರೇ ಎಂದು ಮಾತಾಡಿಸುತ್ತಿದ್ದರು. ಅಂಥ ದಿನ ಮನೆಗೆ ಬಂದವನು ಊಟದ ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ. ತಟ್ಟೆಯಲ್ಲಿನ ಸೋಯಾ ಟೆಂಪೆಯೂ ಜಿರಳೆಯ ಸಂಪಾದನೆಯೇ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

ಗಲ್ಲಿಯ ಎರಡು ಮನೆಗಳಲ್ಲಿ ಡೆಂಗಿ ಕಾಣಿಸಿತು. ಗಲ್ಲಿಯ ಮುಖ್ಯಸ್ಥ ಪಾಕ್ ರುಹಿಯತ್ ಮನೆಮನೆಗೆ ಬಂದು, ಬುಧವಾರ ಬೆಳಿಗ್ಗೆ ಹೊಗೆ ಯಂತ್ರ ತರಿಸಿ ಸೊಳ್ಳೆಗೆ ಔಷಧಿ ಹೊಡೆಸುತ್ತೇವೆ, ಆ ಹೊತ್ತಿಗೆ ಎಲ್ಲರೂ ಮನೆ ಬಿಟ್ಟು ಹೊರಗಿರಬೇಕು ಎಂದು ಹೇಳಿಹೋದ. ಇಮಾಸಳಿಗೆ ಜೀವ ಬಾಯಿಗೆ ಬಂದಂತಾಯಿತು. ಆ ಹೊಗೆ ಸೊಳ್ಳೆ ಯಾವುದು, ಜಿರಳೆ ಯಾವುದು ಎಂದು ಕೇಳಿ ಕೊಲ್ಲುತ್ತದೆಯೇ? ಓಡಿಹೋಗಿ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡಳು. ಉಳಿದ ಮನೆಗೆಲ್ಲ ಹೊಡೆಯಿರಿ, ಹಿಂದಿನ ಕೋಣೆ ಬಿಟ್ಟುಬಿಡಿ, ಅಲ್ಲಿ ಒಂದು ಹನಿ ನಿಂತ ನೀರಿಲ್ಲ ಎಂದಳು. ಪಾಕ್ ರುಹಿಯತ್ ಬಂದು ಕೋಣೆಯನ್ನೆಲ್ಲ ನೋಡಿದ, ಮೂಗು ಮುರಿದ, ಕೊನೆಗೆ ಆಗಲಿ ಎಂದು ಒಪ್ಪಿದ.

ಆದರೂ ಅವಳಿಗೆ ಧೈರ್ಯ ಬರಲಿಲ್ಲ. ಡಬ್ಬಗಳನ್ನು ಒಂದು ದಿನದ ಮಟ್ಟಿಗೆ ಪಕ್ಕದೂರಿನ ಗೆಳತಿಯ ಮನೆಗೆ ಸಾಗಿಸಿಬಿಡೋಣ ಎಂದು ಹೊರಟಳು. ತಡೆದವನು ಕೋಸಿಂ.

"ಸುಮ್ನೆ ಯಾಕೆ ಹೊತ್ಕೊಂಡ್ ಹೋಗ್ತೀಯ, ನೆಂಗ್? ಗುಂಡಿ ರಸ್ತೇಲಿ ಅಲ್ಲಾಡಿದ್ರೆ ಬಸುರಿ ಹುಳ ಎಲ್ಲ ಹೊಟ್ಟೇಲಿರೋ ಮೊಟ್ಟೆ ಉದುರಿಸಿಬಿಡ್ತಾವೆ ಅಂತ ನೀನೇ ಹೇಳ್ತಿದ್ದೆ. ಬಾಗಿಲಿಗೆ ಟೇಪ್ ಹಾಕು. ನಾನು ಮುಂದೆ ನಿಂತಿರ್ತೀನಿ, ಯಾರು ಒಳಗೆ ಬರ್ತಾರೆ ನೋಡ್ತೀನಿ."

ನೆಂಗ್ ಎಂದು ಮುದ್ದಿನಿಂದ ಕರೆದು, ಹುಳುವಿನ ಪರವಾಗಿ ಅವನು ಆಡಿದ ಮೊದಲ ಮಾತು ಅದು. ಪಾಪದವಳು, ಅವಳ ಕಣ್ಣು ತುಂಬಿ ಬಂತು. ಅಂತೂ ನನ್ನ ಕಷ್ಟ ಅರ್ಥವಾಯಿತಲ್ಲ ಎಂದುಕೊಂಡು ಆ ರಾತ್ರಿ ಅವನಿಗೆ ಇಷ್ಟವೆಂದು ಬಿಸಿಬಿಸಿ ಮರಗೆಣಸು ಕರಿದು ಕೊಟ್ಟಳು.

ಬುಧವಾರ ಅನಿಸ್ ಶಾಲೆಗೆ ಹೋದಳು. ಇಮಾಸ್ ಬಾಗಿಲ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ಮೇಲೆ ಅಗಲದ ಟೇಪು ಅಂಟಿಸಿ, ಬೀಗದ ಕೈಯನ್ನು ಗಂಡನ ಕೈಗೆ ಕೊಟ್ಟು, ಬಾಂಡುಂಗಿನ ಅಂಗಡಿಗೆ ಹುಳು ಮುಟ್ಟಿಸಲು ಹೋದಳು. ಮಧ್ಯಾಹ್ನ ಬಂದು ನೋಡಿದರೆ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗಿನಿಂದ ಹೊಗೆ ಯಂತ್ರದ ಡೀಸೆಲ್ ವಾಸನೆ ರಪ್ಪೆಂದು ಮುಖಕ್ಕೆ ಹೊಡೆಯಿತು.

ಎಲ್ಲ ಹುಳುಗಳೂ ಬೆನ್ನಡಿಯಾಗಿ ಬಿದ್ದಿದ್ದವು. ಕೆಲವು ಇನ್ನೂ ಕಾಲು ಝಾಡಿಸುತ್ತಿದ್ದವು. ಆಗಷ್ಟೇ ಪೊರೆ ಕಳಚಿದ ಮರಿಗಳು ಸುಲಿದ ಬೆಳ್ಳುಳ್ಳಿಯಂತೆ ಬೆಳ್ಳಗೆ ಟ್ರೇಗಳ ನಡುವೆ ಉದುರಿದ್ದವು. ಇಮಾಸ್ ಒಂದೊಂದನ್ನೇ ಮಗುಚಿ ನಿಲ್ಲಿಸಿದಳು, ಅದು ಮತ್ತೆ ಉರುಳಿ ಬಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ಡಬ್ಬಗಳ ಮುಚ್ಚಳಗಳನ್ನೆಲ್ಲ ತೆಗೆದು ಮೂಲೆಯಲ್ಲಿ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟಿದ್ದನ್ನು ಕಂಡಾಗ ಪಿತ್ತ ನೆತ್ತಿಗೇರಿತು. ಅಂದರೆ ಹೊಗೆ ತಾನಾಗಿ ನುಗ್ಗಿದ್ದಲ್ಲ, ಯಾರೋ ಬಾ ಎಂದು ಕರೆದಿದ್ದರು.

ನೇರ ಪಾಕ್ ರುಹಿಯತ್‌ನ ಅಂಗಳಕ್ಕೆ ನುಗ್ಗಿ, ಗಲ್ಲಿಯ ಕೊನೆಯ ಮನೆಗೂ ಕೇಳುವ ಹಾಗೆ ಬಾಯಿಗೆ ಬಂದಂತೆ ಬೈದಳು. ಮಾತು ಕೊಟ್ಟು ತಪ್ಪುವವನಿಗೆ ಮುಖ್ಯಸ್ಥನ ಟೋಪಿ ಬೇರೆ ಕೇಡು ಎಂದಳು. ಮುದುಕ ತಬ್ಬಿಬ್ಬಾಗಿ ನಿಂತು ಎಲ್ಲ ಕೇಳಿಸಿಕೊಂಡ.

"ನಾವು ನಿಮ್ಮ ಕೋಣೆ ದಾಟಿ ಮುಂದೆ ಹೋಗಿದ್ವಿ, ತಾಯಿ. ಕೋಸಿಂನೇ ಓಡಿ ಬಂದು ಕರ್ಕೊಂಡ್ ಹೋದ. ಹೆಂಡ್ತಿ ಒಪ್ಪಿದಾಳೆ, ಅದಕ್ಕೂ ಚೆನ್ನಾಗಿ ಹೊಡೀರಿ ಅಂದ. ನೀವಿಬ್ರೂ ಮಾತಾಡ್ಕೊಂಡಿದೀರಿ ಅನ್ಕೊಂಡೆ."

ಇಮಾಸ್ ಬೈದದ್ದಕ್ಕೆ ಕ್ಷಮೆ ಕೇಳಬೇಕೆಂಬುದೂ ಹೊಳೆಯದೆ ಹಿಂದಿರುಗಿದಳು. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟವಳು ತಾನೇ, ಮರಗೆಣಸು ಕರಿದು ಬಡಿಸಿದವಳೂ ತಾನೇ. ನೆನೆದಷ್ಟೂ ಮೈ ಉರಿಯಿತು. ಮನೆಗೆ ಬಂದರೆ ಶಾಲೆಯಿಂದ ಮರಳಿದ ಅನಿಸ್ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಸತ್ತ ಹುಳುಗಳನ್ನು ನೋಡಿದಳು, ಅಮ್ಮನ ಮುಖ ನೋಡಿದಳು.

"ಮಾಮಾ, ಈಗ ನೀನು ಮತ್ತೆ ವಿಮಾನದಲ್ಲಿ ಹೋಗ್ತೀಯಾ?"

ಇಮಾಸ್ ಮಗಳನ್ನು ಪಕ್ಕಕ್ಕೆ ಅವುಚಿಕೊಂಡಳು.

ಕೋಸಿಂ ಸಂಜೆಗೆ ಬಂದ. ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ ಆ ಮಹಾಶಯ. ಜಗಲಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಸಿಗರೇಟು ಹಚ್ಚಿ, ಒಂದಲ್ಲ ಒಂದು ದಿನ ಆಗಬೇಕಾದದ್ದೇ ಎಂದ. ಜನರ ನಗೆ ಕೇಳಿ ಕೇಳಿ ತಲೆ ಎತ್ತಿ ತಿರುಗದಂತಾಗಿದೆ ಎಂದ. ಹುಳು ತಾನೇ, ಮನುಷ್ಯರೇನು ಸತ್ತಿಲ್ಲವಲ್ಲ ಎಂದೂ ಅಂದ. ಅವಳು ಎದುರಾಡದೆ ಕೇಳುವುದನ್ನು ಕಂಡು ಅವನಿಗೆ ಧೈರ್ಯ ಬಂತು.

"ಬು ತಿತಿನ್ ಹತ್ರ ಹೋದ ವಾರಾನೇ ನಿನ್ನ ಹೆಸರು ಬರೆಸಿದೀನಿ. ಅದೇ ತೈವಾನು, ನಿನಗೆ ಗೊತ್ತಿರೋ ಕೆಲಸಾನೇ. ಒಂದ್ ಮೂರು ವರ್ಷ ಕಣ್ಮುಚ್ಚಿ ಮಾಡ್ಬಿಟ್ರೆ ಮಹಡಿ ಮುಗೀತು. ಅನಿಸ್‌ನ ಅಜ್ಜಿ ನೋಡ್ಕೋತಾರೆ. ಮುಂಚೆ ನೋಡ್ಕೊಂಡಿಲ್ವಾ?"

ಎಲ್ಲರೂ ಮರ್ಯಾದೆಯಿಂದ ಬು ಎನ್ನುವ ಈ ತಿತಿನ್ ಆ ಊರಿನಿಂದ ಹೊರದೇಶಕ್ಕೆ ಆಳು ಕಳಿಸುವವಳು. ಹೆಂಗಸರನ್ನು ತೈವಾನಿನ ಮನೆಗೆಲಸಕ್ಕೆ, ಗಂಡಸರನ್ನು ಮಲೇಷ್ಯಾದ ತಾಳೆಎಣ್ಣೆ ತೋಟಕ್ಕೆ.

ಇಮಾಸ್ ಫೋನಿಗಾಗಿ ಕೈ ಚಾಚಿದಳು. ಕೋಸಿಂನ ಮುಖ ಊರಗಲವಾಯಿತು. ತಾನೇ ನಂಬರು ಒತ್ತಿ, ಅವಳ ಕೈಗೆ ಕೊಟ್ಟು, ಒಳ್ಳೆ ಮಾತಾಡು ಎಂದು ಬುದ್ಧಿಯನ್ನೂ ಹೇಳಿದ. ಅನಿಸ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಮಸ್ಕಾರ, ಬು. ನಾನು ಇಮಾಸ್. ನನ್ನ ಹೆಸರು ಹೊಡೆದು ಹಾಕಿ. ಅದೇ ಜಾಗದಲ್ಲಿ ಕೋಸಿಂ ಅಂತ ಬರ್ಕೊಳ್ಳಿ. ಹೂಂ, ನಮ್ಮನೆಯವರೇ. ಮಲೇಷ್ಯಾ ತೋಟಕ್ಕೆ. ಮೈ ಕೈ ಗಟ್ಟಿಯಾಗಿದೆ, ಕೂತು ಕೂತು ಸವೆದಿಲ್ಲ. ಮನೆ ಮೇಲೆ ಮಹಡಿ ಎಬ್ಬಿಸ್ಬೇಕು ಅಂತ ಬಾಳ ಆಸೆ ಇಟ್ಕೊಂಡಿದಾರೆ."

ಕೋಸಿಂ ಎದ್ದು ಫೋನಿಗೆ ಕೈ ಹಾಕಿದ. ಅವಳು ಅವನತ್ತ ತಿರುಗಿದಳು. ಮದುವೆಯಾದ ದಿನದಿಂದ ಅವನನ್ನು ಗೌರವದಿಂದ ಕಾಂಗ್ ಎಂದೇ, ಬಹುವಚನದಲ್ಲೇ ಮಾತಾಡಿಸಿದವಳು, "ಕೂತ್ಕೋ ಅಲ್ಲಿ," ಎಂದಳು. ಅವನು ಕೂತ.

ಆ ಕಡೆಯಿಂದ ಬು ತಿತಿನ್ ಗಾಬರಿಯಿಂದ ಏನೋ ಕೇಳಿದಳು. ಇಮಾಸ್ ಸಮಾಧಾನವಾಗಿ ಉತ್ತರ ಕೊಟ್ಟಳು.

"ಇಲ್ಲ ಬು, ಅವರನ್ನ ಕೇಳಿಲ್ಲ. ನನ್ನ ಹೆಸರು ಬರ್ಕೊಳ್ಳುವಾಗ ನೀವು ನನ್ನ ಕೇಳಿದ್ರಾ?"