ಅಣ್ಣ ಕೊಟ್ಟ ರಕ್ತ

ಖಾನಾಪುರದ ಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಮುತ್ತಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಅಣ್ಣ ನಾಗಲಿಂಗ ಎದ್ದು ಹೋಗಿ, ಹೆಣದ ಹಣೆಗೆ ಕಟ್ಟಿದ್ದ ಬಟ್ಟೆಯನ್ನು ಕಿಟಕಿಯ ಸರಳಿಗೆ ಇನ್ನಷ್ಟು ಬಿಗಿದ. ಬಿಗಿಯುತ್ತಲೇ ಮಣ್ಣಿಗೆ ಬಂದವರ ಕಡೆ ತಿರುಗಿ ಶುರು ಹಚ್ಚಿಕೊಂಡ.

“ಇವನ ಮೈಯಾಗ ಇದ್ದದ್ದು ನನ್ನ ರಕ್ತಾರೀ. ಆಪರೇಶನ್ ದಿನಾ ಒಂದು ಬಾಟ್ಲಿ ಕೊಟ್ಟೇನಿ. ಇಲ್ಲಂದ್ರ ಅವತ್ತ ಹೋಗಿರ್ತಿದ್ದ.”

ಹೆಣದ ಪಕ್ಕ ಕೂತಿದ್ದ ಮುತ್ತಪ್ಪನ ಹೆಂಡತಿ ನೀಲಾ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ. ಈ ಮಾತು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ನಾಗಲಿಂಗ ಅದನ್ನು ಮದುವೆಮನೆಗಳಲ್ಲಿ ಹೇಳಿದ್ದ, ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿದ್ದ. ತಮ್ಮ ಸತ್ತ ದಿನವಾದರೂ ಬಾಯಿಗೆ ಬೀಗ ಹಾಕಬಹುದಿತ್ತು. ಆದರೆ ಇಷ್ಟು ಜನ ಸೇರಿರುವಾಗ ಬಿಡಲಿಕ್ಕಾದೀತೇ?

ನೀಲಾಳ ಚಿಕ್ಕಪ್ಪನ ಮಗ ಸುಜಯನಿಗೆ ತಡೆಯಲಾಗಲಿಲ್ಲ. ಅವನದು ಬೆಳಗಾವಿಯ ಸದಾಶಿವನಗರದಲ್ಲಿ ಔಷಧದಂಗಡಿ. ತಾನು ಅರ್ಧ ಡಾಕ್ಟರ್ ಎಂದೇ ನಂಬಿದ್ದ.

“ಸಾಕ ಮಾಡ್ರಿ ನಾಗಲಿಂಗಣ್ಣಾ,” ಎಂದ. “ಲಿವರ್ ಕ್ಯಾನ್ಸರ್ ಆಪರೇಶನ್ನಾಗ ರಕ್ತಾ ಏರಿಸಿದವರಿಗೆ ಗಡ್ಡಿ ಮತ್ತ ಲಗೂನ ಬರತೈತಂತ. ನೀವು ಕೊಟ್ಟಿದ್ದು ಒಳ್ಳೇದಾತೋ ಕೆಟ್ಟದಾತೋ, ಯಾರಿಗೆ ಗೊತ್ತು?”

ನಾಗಲಿಂಗನ ಕೈ ಗಂಟಿನ ಮೇಲೇ ನಿಂತುಬಿಟ್ಟಿತು. “ಹಂಗಂದ್ರ?” ಎಂದ. ಸುಜಯ ಆಗಲೇ ಚಹಾ ಕುಡಿಯಲು ಎದ್ದು ಹೋಗಿದ್ದ.

*

ನೀಲಾ ಬೇರೆ ಜಾತಿಯವಳೆಂದು ನಾಗಲಿಂಗ ತಮ್ಮನ ಮದುವೆಗೆ ಬಂದಿರಲಿಲ್ಲ. ಮುತ್ತಪ್ಪ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು, ಮಹಾಂತೇಶ ನಗರದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ. ಹುಟ್ಟಿದ ಖಾನಾಪುರದ ಮನೆ ಅವರಿಬ್ಬರಿಗೆ ಬಾಗಿಲು ತೆರೆಯಲಿಲ್ಲ. ಲಿವರಿನಲ್ಲಿ ಗಡ್ಡೆ, ಆಪರೇಶನ್‌ಗೆ ರಕ್ತ ಬೇಕು ಎಂದಾಗ ಮಾತ್ರ ನಾಗಲಿಂಗ ಬಿದ್ದೂ ಎದ್ದೂ ಓಡಿ ಬಂದ. ತೋಳು ಚಾಚಿದ, ತಮ್ಮನ ಕಾಲು ಹಿಡಿದು ಅತ್ತ. ಅದೆಲ್ಲ ನಿಜವೇ.

ಆದರೆ ರಕ್ತನಿಧಿಯವನು ನೀಲಾಳಿಗೆ ಹೇಳಿದ್ದೇ ಬೇರೆ. “ಇಲ್ಲಿ ಕೊಟ್ಟ ರಕ್ತಾ ಪರೀಕ್ಷಾ ಆಗಿ ಮುಂದ ಯಾರಿಗರ ಹೋಗತೈತ್ರಿ. ನಿಮ್ಮ ಮನಿಯವರಿಗೆ ಏರಿಸಿದ್ದು ಮೊದ್ಲ ಇಟ್ಟಿದ್ದ ರಕ್ತಾ.”

ನೀಲಾ ಇದನ್ನು ಆಸ್ಪತ್ರೆಯ ಮಂಚದ ಮೇಲಿದ್ದ ಗಂಡನಿಗೆ ಹೇಳಿದಳು. ಮುತ್ತಪ್ಪ ಅವಳ ಕೈ ಹಿಡಿದುಕೊಂಡ.

“ಅಣ್ಣಗ ಹೇಳಬ್ಯಾಡ ನೀಲಾ. ಇಷ್ಟ ವರ್ಷದ ಮ್ಯಾಲೆ ಬಂದಾನ. ಆ ನೆಪದಾಗರ ಬರ್ಲಿ ಬಿಡು.”

ಬಂದವನು ತಲೆಯ ಮೇಲೆ ಹತ್ತಿ ಕೂತ. ಖಾನಾಪುರದ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ, ಹತ್ತು ಮಂದಿಯ ಎದುರು ನೀಲಾಳಿಗೆ ಹೇಳುತ್ತಿದ್ದ: “ನಿನ್ನ ಕುಂಕುಮಾ ನನ್ನ ರಕ್ತದ ಮ್ಯಾಲ ನಿಂತೈತಿ, ಮರೀಬ್ಯಾಡ.” ಮುತ್ತಪ್ಪ ತಲೆ ತಗ್ಗಿಸಿ ನಗುತ್ತಿದ್ದ. ನೀಲಾ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದಳು.

ಗಡ್ಡೆ ಮತ್ತೆ ಕಾಣಿಸಿಕೊಂಡಾಗ ಏರಿಸಿದ ರಕ್ತದ ದೋಷವೇ ಎಂದು ಅವಳೇ ಡಾಕ್ಟರನ್ನು ಕೇಳಿದ್ದಳು. “ಗಡ್ಡಿ ದೊಡ್ಡದಿತ್ತವಾ, ಅದಕ್ಕ ರಕ್ತಾ ಬಾಳ ಹೋತು. ಅಂಥವರಿಗೆ ರೋಗ ತಿರುಗಿ ಬರೂದೂ ಜಾಸ್ತಿ. ಏರಿಸಿದ ರಕ್ತದ್ದ ತಪ್ಪು ಅಂತ ಯಾರೂ ಖಾತ್ರಿ ಹೇಳಾಕ ಬರೂದಿಲ್ಲ. ಏರಿಸದಿದ್ರ ಅವರು ಅವತ್ತ ಉಳೀತಿರಲಿಲ್ಲ,” ಎಂದಿದ್ದರು.

*

ಹೆಣ ಎತ್ತುವ ಮುಂಚೆ ನಾಗಲಿಂಗ ನೀಲಾಳನ್ನು ಹಿತ್ತಿಲಿಗೆ ಕರೆದ. ಅವನ ಮುಖ ಬಿಳಿಚಿಕೊಂಡಿತ್ತು.

“ಯವ್ವಾ ನೀಲಾ, ನೀ ಡಾಕ್ಟರ್ ಕೂಡ ಮಾತಾಡಿದಾಕಿ. ಖರೇ ಹೇಳು. ನನ್ನ ರಕ್ತಾನ ಅವನ್ನ ತಿಂತೇನು?”

ಯವ್ವಾ ಎಂದು ಅವನು ಅವಳನ್ನು ಕರೆದದ್ದು ಅದೇ ಮೊದಲು. ಏರಿಸಿದ್ದು ನಿಮ್ಮ ರಕ್ತವೇ ಅಲ್ಲ ಎಂಬ ಒಂದು ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೂ ಬಂತು. ಆದರೆ ಇಷ್ಟು ದಿನ ನುಂಗಿದ್ದೆಲ್ಲ ಅದಕ್ಕಿಂತ ಮೊದಲೇ ಮೇಲೆ ಬಂತು.

“ನನಗೇನ ತಿಳೀತೈತ್ರಿ ಬಾವಾರ,” ಎಂದಳು. “ನಾ ಓದಿದಾಕಿ ಅಲ್ಲ.”

ಹೇಳಿದ ಮೇಲೆ ಅವಳಿಗೆ ಹಿತವಾಯಿತು. ಗಂಡನ ಹೆಣ ಮನೆಯಲ್ಲಿರುವಾಗಲೇ ಹಿತವಾಯಿತು.

ಊರ ಹೊರಗಿನ ಹೊಲದಲ್ಲಿ ಮುತ್ತಪ್ಪನನ್ನು ಗುಂಡಿಯೊಳಗೆ ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನಿಟ್ಟರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, “ಮದಲ ಒಡಹುಟ್ಟಿದವರು ಮಣ್ಣ ಹಾಕ್ರಿ,” ಎಂದರು.

ನಾಗಲಿಂಗ ಬಾಗಿದ. ಹಿಡಿ ಮಣ್ಣು ತೆಗೆದುಕೊಂಡವನು ಅದನ್ನು ಅಲ್ಲೇ ಬಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿದ.

“ನಂದು ಬ್ಯಾಡ್ರಿ. ನಾ ಕೊಟ್ಟಿದ್ದ ಸಾಕಾಗೇತಿ ಅವಗ.”

ತಾಯಿ ಭರಮವ್ವ ಅವನ ಬೆನ್ನಿಗೆ ಗುದ್ದಿದಳು. “ಹಾಕೋ ನಾಗ್ಯಾ! ಅಣ್ಣನ ಕೈಲೇ ಮಣ್ಣ ಬೀಳ್ಲಿ ಅಂತ ಕೇಳಿಕೊಂಡ ಸತ್ತಾನೋ ನನ್ನ ಕೂಸು!”

ಕೇಳಿಕೊಂಡದ್ದು ನಿಜ. ನೀಲಾಳೇ ಆಗ ಗಂಡನ ತಲೆ ಹಿಡಿದಿದ್ದಳು. ಈಗ ರಕ್ತದ ನಿಜ ಹೇಳಬೇಕೆಂದರೆ ಊರವರೆಲ್ಲರ ಎದುರು ಹೇಳಬೇಕು, ಹಿತ್ತಿಲಲ್ಲಿ ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಬೇಕು. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಳುತ್ತಿದ್ದಾಳೆಂದು ಹೆಂಗಸರು ಅವಳ ಭುಜ ಸವರಿದರು.

ಅಯ್ಯನವರು ಸಾಕಷ್ಟು ಕಾದರು. ಬಿಸಿಲು ಏರುತ್ತಿತ್ತು. ಕೊನೆಗೆ ಗುಂಡಿ ತೋಡಿದ ಆಳಿಗೆ ಕಣ್ಸನ್ನೆ ಮಾಡಿದರು. ಅಣ್ಣನ ಕಡೆಗೇ ಮುಖ ಮಾಡಿ ಕೂತಿದ್ದ ಮುತ್ತಪ್ಪನ ಮಡಿಲಿಗೆ, ಮೊದಲ ಮಣ್ಣು ಸಲಿಕೆಯಿಂದ ಬಿತ್ತು.